ಕ್ಯಾಂಪು ಮುಗೀತು, ಮಾಸ್ಟ್ರಿಗೆ ಮುಂದೇನು?

ಹಲಸೂರಿನಿಂದ ಕೆ.ಆರ್. ಪುರದವರೆಗೆ ಬೇಸಿಗೆ ಶಿಬಿರದ ಹುಡುಗರ ಜೂನ್ ತಿಂಗಳ ಪಾಡು

ಮೇ ತಿಂಗಳ ಕೊನೆಯ ಭಾನುವಾರ. ಬೆಳಗ್ಗೆ ಎಂಟೂವರೆ ಗಂಟೆ. ಹಲಸೂರು, ಇಂದಿರಾನಗರ, ಕೆ.ಆರ್. ಪುರ, ಯಾವ ಕಡೆಯ ಮೈದಾನಕ್ಕೆ ಬೇಕಾದರೂ ಹೋಗಿ, ನೋಟ ಒಂದೇ. ಒಂದು ಶಾಮಿಯಾನ. ಒಂದು ಮೈಕು, ಅದು ಆಗಾಗ ಕೀಂಯ್ ಅನ್ನುತ್ತೆ. ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಕಪ್ಪುಗಳು. ಬಿಸಿಲಿಗೆ ಕಣ್ಣು ಕಿವುಚಿ ನಿಂತ ಮಕ್ಕಳು, ಮೊಬೈಲು ಎತ್ತಿ ಹಿಡಿದ ಅಪ್ಪ-ಅಮ್ಮಂದಿರು. ಬೇಸಿಗೆ ಶಿಬಿರದ ಕೊನೆ ದಿನ.

ಹೆಸರು ಕೂಗುತ್ತಾರೆ. ಮಗು ಓಡಿ ಬರುತ್ತೆ. ಸರ್ಟಿಫಿಕೇಟು, ಚಪ್ಪಾಳೆ, ಫೋಟೋ. ಆಮೇಲೆ ಒಂದು ಬನ್ನು, ಒಂದು ಬಾಳೆಹಣ್ಣು. ಒಂಬತ್ತೂವರೆ ಹೊತ್ತಿಗೆ ಕಾರು, ಸ್ಕೂಟರು, ಆಟೋ ಎಲ್ಲ ಜಾಗ ಖಾಲಿ ಮಾಡಿರುತ್ತವೆ.

ಮೈದಾನದಲ್ಲಿ ಉಳಿಯೋನು ಒಬ್ಬನೇ. ಕೊರಳಲ್ಲಿ ವಿಷಲ್ಲು, ಹೆಗಲ ಮೇಲೆ ಬಲೆಚೀಲ. ಕಿತ್ತಳೆ ಬಣ್ಣದ ಕೋನುಗಳನ್ನು ಒಂದರ ಮೇಲೊಂದು ಪೇರಿಸುತ್ತಾನೆ. ಚೆಂಡು ಎಣಿಸುತ್ತಾನೆ. ಹನ್ನೆರಡು ಇರಬೇಕಾದ್ದು ಹನ್ನೊಂದು. ಒಂದು ಯಾವ ಮೋರಿ ಸೇರಿತೋ! ಅದರ ಹಣ ಯಾರ ಲೆಕ್ಕದಲ್ಲಿ ಮುರಿಯುತ್ತಾರೆ ಅನ್ನೋದು ಅವನಿಗೆ ಗೊತ್ತು.

ಇವನೇ ಕ್ಯಾಂಪಿನ ಮಾಸ್ಟ್ರು. ಒಂದೂವರೆ ತಿಂಗಳು ನಲವತ್ತು ಮಕ್ಕಳ ಬಾಯಲ್ಲಿ "ಕೋಚ್ ಸರ್". ನಾಳೆ ಸೋಮವಾರ. ನಾಳೆಯಿಂದ ಅವನು ಯಾರು?

ಮಕ್ಕಳಿಗೆ ಶಾಲೆ ಶುರು. ಅಪ್ಪ-ಅಮ್ಮನಿಗೆ ಯೂನಿಫಾರಂ, ಪುಸ್ತಕದ ಓಡಾಟ. ಶಿಬಿರ ನಡೆಸಿದವರಿಗೆ ಲೆಕ್ಕ ಮುಚ್ಚುವ ಕೆಲಸ. ಈ ಹುಡುಗನಿಗೆ ಮಾತ್ರ ಏನೂ ಇಲ್ಲ.

ಬೀದಿಗೊಬ್ಬ

ಇವನಿಗೆ ಇಲ್ಲಿ ಹೆಸರು ಇಡೋದು ಬೇಡ. ಇಂಥವರು ಬೀದಿಗೊಬ್ಬರಿದ್ದಾರೆ. ವಯಸ್ಸು ಇಪ್ಪತ್ತರ ಆಸುಪಾಸು. ಎಸ್ಸೆಸ್ಸೆಲ್ಸಿ ದಾಟಿ ಪಿ.ಯು.ಸಿ.ಯಲ್ಲಿ ಒಂದೆರಡು ಸಬ್ಜೆಕ್ಟು ಉಳಿಸಿಕೊಂಡವನು. ತಂದೆ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಟೈಲರಿರಬಹುದು, ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸೋರಿರಬಹುದು, ಆಟೋ ಓಡಿಸೋರಿರಬಹುದು. ಮನೆಯಲ್ಲಿ ತಮಿಳೋ ಉರ್ದುವೋ ತೆಲುಗೋ, ಬಸ್ಸಿನಲ್ಲಿ ಕನ್ನಡ, ಮೈದಾನದಲ್ಲಿ ಎಲ್ಲ ಸೇರಿದ ದಂಡಿನ ಭಾಷೆ.

ಕೆಲವರು ಈಜು ಹೇಳಿಕೊಡುತ್ತಾರೆ. ಹಲಸೂರು ಕೆರೆಯ ಪಕ್ಕದ ಕೆನ್ಸಿಂಗ್ಟನ್ ಈಜುಕೊಳದಂಥ ಕಡೆ ಬೇಸಿಗೆಯಲ್ಲಿ ನೂಕುನುಗ್ಗಲು, ಮಳೆ ಬಿದ್ದ ಮೇಲೆ ಕೇಳೋರಿಲ್ಲ. ಕೆಲವರು ಕ್ರಿಕೆಟ್ಟು, ಕೆಲವರು ಸ್ಕೇಟಿಂಗು. ಹುಡುಗಿಯರು ಚಿತ್ರ, ಜೇಡಿಮಣ್ಣು, ಡ್ಯಾನ್ಸು ಹೇಳಿಕೊಡೋದು ಹೆಚ್ಚು, ಈಗ ಮೈದಾನಕ್ಕೂ ಇಳಿದಿದ್ದಾರೆ. ಆದರೆ ಹಲಸೂರು ಸುತ್ತಮುತ್ತ ಮಾಸ್ಟ್ರು ಅಂದರೆ ಮೊದಲು ನೆನಪಾಗೋದು ಫುಟ್‌ಬಾಲೇ. ಅದಕ್ಕೆ ಕಾರಣ ಮುಂದೆ ಹೇಳೋಣ.

ಕೆಲಸ ಏನು ಅಂತ ಕೇಳಿ. ಬೆಳಗ್ಗೆ ಆರಕ್ಕೆ ಮೈದಾನ. ಕಲ್ಲು, ಗಾಜಿನ ಚೂರು ಆಯಬೇಕು. ಕೋನು ಜೋಡಿಸಬೇಕು, ಹಾಜರಿ ಹಿಡಿಯಬೇಕು. ಎಂಟು ವರ್ಷದೊಳಗಿನ ಮಕ್ಕಳಿಗೆ 3ನೇ ಸೈಜಿನ ಚೆಂಡು, ಹನ್ನೆರಡರವರೆಗೆ 4ನೇದು, ಅದರ ಮೇಲಿನವರಿಗೆ 5ನೇದು. ಚಿಕ್ಕ ಕಾಲಿಗೆ ದೊಡ್ಡ ಚೆಂಡು ಕೊಟ್ಟರೆ ಮಂಡಿ ನೋವು. ಯಾವ ಮಗು ನೀರು ತಂದಿಲ್ಲ, ಯಾವುದು ತಿಂಡಿ ತಿನ್ನದೆ ಬಂದಿದೆ, ಯಾವುದಕ್ಕೆ ಉಬ್ಬಸ ಇದೆ, ಎಲ್ಲ ನೆನಪಿರಬೇಕು. ಅಳೋ ಮಗುವನ್ನು ನಗಿಸಬೇಕು. ಬಡಿದಾಡೋ ಇಬ್ಬರನ್ನು ಒಂದೇ ಟೀಮಿಗೆ ಹಾಕಬೇಕು. ಕೊನೆಯ ಮಗುವಿನ ಮನೆಯವರು ಬರೋವರೆಗೂ ಗೇಟಿನ ಹತ್ತಿರ ನಿಂತಿರಬೇಕು.

ಇದು ಸಣ್ಣ ವಿದ್ಯೆಯಲ್ಲ ಸ್ವಾಮಿ. ಅಂಗಡಿಯಲ್ಲಿ ಇಬ್ಬರು ಹುಡುಗರನ್ನು ಸಂಭಾಳಿಸೋಕೆ ಮಾಲೀಕರು ಪಡೋ ಪಾಡು ಓದುಗರಿಗೆ ಗೊತ್ತಿದೆ. ಇವನು ನಲವತ್ತು ಜನರನ್ನು ಸಂಭಾಳಿಸುತ್ತಾನೆ.

ಇಷ್ಟಕ್ಕೆ ಸಿಗೋದು ಒಂದು ಒಟ್ಟು ಮೊತ್ತ. ಅರ್ಧ ಮುಂಚೆ, ಅರ್ಧ ಕೊನೆಗೆ. ಆರ್ಡರು ಕಾಗದ ಇಲ್ಲ, ಪಿ.ಎಫ್. ಇಲ್ಲ, ಅನುಭವದ ಪತ್ರವೂ ಬಹಳ ಕಡೆ ಇಲ್ಲ. ಮಕ್ಕಳಿಗೆಲ್ಲ ಸರ್ಟಿಫಿಕೇಟು ಹಂಚೋ ಕ್ಯಾಂಪಿನಲ್ಲಿ ಕಲಿಸಿದವನಿಗೇ ಒಂದು ಸರ್ಟಿಫಿಕೇಟಿಲ್ಲ! ತಮಾಷೆ ಅಂದರೆ ಇದು.

ಶಿಬಿರದ ಮೂಲ

ಬೇಸಿಗೆ ಶಿಬಿರ ಅನ್ನೋದು ನಮ್ಮ ಅಜ್ಜಂದಿರ ಕಾಲದಲ್ಲಿ ಇರಲಿಲ್ಲ. ಆಗ ರಜಾ ಅಂದರೆ ಅಜ್ಜಿ ಮನೆ, ಮಾವಿನಕಾಯಿ, ಕೆರೆ. ಅಮೆರಿಕದ ಕನೆಕ್ಟಿಕಟ್ ಅನ್ನೋ ಸೀಮೆಯಲ್ಲಿ ಗನ್ ಎಂಬ ಶಾಲಾ ಮೇಷ್ಟ್ರು 1861ರಲ್ಲಿ ತಮ್ಮ ಹುಡುಗರನ್ನು ನಡೆಸಿಕೊಂಡು ಹೋಗಿ ಸಮುದ್ರದ ದಡದಲ್ಲಿ ಡೇರೆ ಹಾಕಿದರು. ಅಲ್ಲಿಂದ ಶುರು ಅಂತ ಹೇಳುವುದುಂಟು.

ಇಂಗ್ಲೆಂಡಿನಲ್ಲಿ 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಎಂಬ ಸೇನಾಧಿಕಾರಿ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರನ್ನು ಸೇರಿಸಿ ಒಂದು ವಾರ ಶಿಬಿರ ಮಾಡಿದ. ಅದರಿಂದಲೇ ಸ್ಕೌಟು ಹುಟ್ಟಿತು. ಎರಡೇ ವರ್ಷಕ್ಕೆ, 1909ರಲ್ಲಿ, ಅದು ಭಾರತಕ್ಕೆ ಬಂತು. ಎಲ್ಲಿಗೆ ಅಂತೀರಿ? ನಮ್ಮ ದಂಡಿಗೇ. ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಎಂಬಾತ ದೇಶದ ಮೊದಲ ಸ್ಕೌಟು ಪಡೆ ಕಟ್ಟಿದ.

ಆ ಬೇಡನ್ ಪೊವೆಲ್ ಶಿಬಿರ ಮುಗಿದ ಮೇಲೆ ಏನು ಮಾಡಿದ? ಇನ್ನೂ ಕೆಲಕಾಲ ಸೇನೆಯಲ್ಲೇ ಇದ್ದು, 1910ರಲ್ಲಿ ಆ ನೌಕರಿ ಬಿಟ್ಟು, ಐವತ್ತು ದಾಟಿದ ವಯಸ್ಸಿನಲ್ಲಿ ಪೂರ್ತಿ ಹೊಸ ಕೆಲಸಕ್ಕೆ ಇಳಿದ. ಅವನಿಗೆ ಪೆನ್ಷನ್ ಇತ್ತು, ಹೆಸರಿತ್ತು. ನಮ್ಮ ಹಲಸೂರಿನ ಹುಡುಗನಿಗೆ ಅವೆರಡೂ ಇಲ್ಲ. ಆದರೆ ಕ್ಯಾಂಪು ಮುಗಿದ ಮೇಲೆ ಹೊಸದಕ್ಕೆ ಕೈಹಾಕೋ ಪ್ರಶ್ನೆ ಇಬ್ಬರಿಗೂ ಒಂದೇ.

ಬೇಸಿಗೆ ಶಿಬಿರ ಬರೀ ಹೊತ್ತು ಕಳೆಯೋ ಆಟ ಅಂತ ಮೂಗು ಮುರಿಯೋರಿದ್ದಾರೆ. ಅವರಿಗೆ ಒಂದೇ ಉದಾಹರಣೆ ಸಾಕು. ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಬೇಸಿಗೆ ತರಬೇತಿ ಶಿಬಿರದಲ್ಲಿ ಕೇಕಿ ತಾರಾಪೋರ್ ಎಂಬ ಕೋಚು ಒಬ್ಬ ಚಿಕ್ಕ ಹುಡುಗನನ್ನು ಗುರುತಿಸಿದರು. ಆ ಹುಡುಗ ರಾಹುಲ್ ದ್ರಾವಿಡ್. ಮಗುವಿನ ಕೈಕಾಲು ಓದೋ ಕಣ್ಣು ಕೋಚಿಗೆ ಇರಬೇಕು. ಕಣ್ಣಿರೋ ಕೋಚು ವರ್ಷ ಪೂರ್ತಿ ಮೈದಾನದಲ್ಲಿರಬೇಕು. ಗೋಳಿರೋದೇ ಇಲ್ಲಿ.

ಗೌತಮಪುರದ ಚೆಂಡು

ಈಗ ಫುಟ್‌ಬಾಲಿನ ವಿಷಯಕ್ಕೆ ಬರೋಣ.

ಹಲಸೂರಿನ ಪಕ್ಕದ ಗೌತಮಪುರಕ್ಕೆ ಹೋದವರು ಅಲ್ಲಿನ ಪ್ರತಿಮೆಗಳನ್ನು ನೋಡಿರಬಹುದು. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ. ಅವರ ಜೊತೆಗೆ ನಿಂತಿರೋ ನಾಲ್ಕನೆಯವನು ಬ್ರೆಜಿಲಿನ ಪೆಲೆ! ಆತ 2022ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಇಲ್ಲಿನ ಜನ ಸೇರಿ ನಮನ ಸಲ್ಲಿಸಿದರು. ಬೆಂಗಳೂರಿನ ಬೇರೆ ಬಡಾವಣೆಯವರಿಗೆ ಇದು ವಿಚಿತ್ರ ಅನ್ನಿಸೀತು. ಇಲ್ಲಿಯವರಿಗೆ ಸಹಜ.

ದಂಡು ಶುರುವಾದದ್ದು 1809ರಲ್ಲಿ. ಬಿಳಿ ಸೋಲ್ಜರುಗಳು ಬೂಟು ಹಾಕಿಕೊಂಡು ಆಡಿದ ಆಟವನ್ನು ಇಲ್ಲಿನ ಹುಡುಗರು ಬರಿಗಾಲಲ್ಲಿ ಕಲಿತರು. ಎಷ್ಟು ಚೆನ್ನಾಗಿ ಕಲಿತರು ಅಂದರೆ, 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ಪನ್ನು ಎತ್ತಿಕೊಂಡು ಬಂತು. ಅದುವರೆಗೆ ಆ ಕಪ್ಪು ಸೋಲ್ಜರುಗಳ ಪಾಲು. ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ಬು ನಮ್ಮದು. ಮರುವರ್ಷ ಇನ್ನೊಮ್ಮೆ ಗೆದ್ದರು.

ಆಮೇಲೆ 1948ರ ಲಂಡನ್ ಒಲಿಂಪಿಕ್ಸು. ಸ್ವತಂತ್ರ ಭಾರತದ ತಂಡದಲ್ಲಿ ಬಹುಪಾಲು ಆಟಗಾರರು ಬರಿಗಾಲಲ್ಲೇ ಫ್ರಾನ್ಸಿನ ಎದುರು ಇಳಿದರು. ಎರಡು ಪೆನಾಲ್ಟಿ ಕೈತಪ್ಪಿತು, 1-2ರಲ್ಲಿ ಸೋತರು. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮರುವರ್ಷ ಊರು ಬಿಟ್ಟು ಕಲ್ಕತ್ತೆಗೆ ಹೋದರು, ಈಸ್ಟ್ ಬೆಂಗಾಲ್ ತಂಡ ಸೇರಿದರು. ಅಲ್ಲಿ 'ಪಂಚ ಪಾಂಡವ'ರಲ್ಲಿ ಒಬ್ಬರಾದರು. 1951ರ ಏಷ್ಯನ್ ಕ್ರೀಡೆಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು, 1952ರಲ್ಲಿ ಇನ್ನೊಂದು ಒಲಿಂಪಿಕ್ಸು ಆಡಿದರು. ಕೊನೆಗೆ ಬೆಂಗಳೂರಿಗೇ ಮರಳಿ, 2017ರಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಹೊಸದೊಂದನ್ನು ನೋಡೇಬಿಡೋಣ ಅಂತ ರೈಲು ಹತ್ತಿದವರ ಕಥೆ ಇದು.

ಎಲ್ಲರೂ ಅಹಮದ್ ಖಾನ್ ಆಗೋಕಾಗುತ್ತಾ? ಆಗೋದಿಲ್ಲ. ಆದರೆ ಆಗ ಉಳಿದವರಿಗೂ ಒಂದು ಏಣಿ ಇತ್ತು.

ಏಣಿ ಯಾರು ತೆಗೆದರು?

ಸ್ವಾತಂತ್ರ್ಯ ಬಂದ ಮೇಲೆ ನಗರದ ಪೂರ್ವ ದಿಕ್ಕಿಗೆ ಕಾರ್ಖಾನೆಗಳು ಬೆಳೆದವು. 1940ರಲ್ಲೇ ಶುರುವಾಗಿದ್ದ ಎಚ್‌ಎಎಲ್ ಒಂದು ಕಡೆ. 1948ರಲ್ಲಿ ದೂರವಾಣಿನಗರದ ಐಟಿಐ. 1956ರಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಹಲಸೂರು ಕೆರೆಯ ಆಚೆ ದಂಡಿನ ಎಂಇಜಿ ಇದ್ದೇ ಇತ್ತು. ಸಂಜೆ ಸೈರನ್ ಆದ ಮೇಲೆ ನೌಕರರು ಚೆಂಡು ಹಿಡಿದು ಮೈದಾನಕ್ಕೆ ಇಳಿಯುತ್ತಿದ್ದ ಕಾಲ ಅದು. ಐಟಿಐ, ಎಚ್‌ಎಎಲ್ ತಂಡಗಳ ಹೆಸರು ಊರಾಚೆಗೂ ಗೊತ್ತಿತ್ತು.

ಗಲ್ಲಿಯ ಹುಡುಗ ಚೆನ್ನಾಗಿ ಆಡಿದ ಅಂತಿಟ್ಟುಕೊಳ್ಳಿ. ಯಾರೋ ನೋಡುತ್ತಿದ್ದರು, ಕರೆಯುತ್ತಿದ್ದರು. ಹೆಲ್ಪರೋ ಅಟೆಂಡರೋ, ಅಂತೂ ಖಾಯಂ ನೌಕರಿ. ಓದು ಕಮ್ಮಿಯಿದ್ದರೂ ಕಾಲು ಕೈಬಿಡುತ್ತಿರಲಿಲ್ಲ. ಬೆಳಗ್ಗೆ ಕಾರ್ಡು ಪಂಚು, ಸಂಜೆ ಪ್ರಾಕ್ಟೀಸು. ಆಡೋದು ನಿಂತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಹೊಟ್ಟೆಗೆ ಚಿಂತೆ ಇಲ್ಲದ್ದರಿಂದ ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಪುಕ್ಕಟೆ ಹೇಳಿಕೊಡುತ್ತಿದ್ದರು. ಕ್ಯಾಂಪು ಗೀಂಪು ಏನೂ ಇರಲಿಲ್ಲ, ವರ್ಷವೆಲ್ಲ ಕ್ಯಾಂಪೇ.

ಆ ಏಣಿ ಮುರಿಯಿತು. ಟೆಲಿಫೋನು ಮಾಡುತ್ತಿದ್ದ ಐಟಿಐಗೆ ಪೈಪೋಟಿ ಬಂತು, ನೇಮಕ ಒಣಗಿತು. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ಪಕ್ಕದ ಇಂದಿರಾನಗರದಲ್ಲಿ ಮನೆಗಳು ಅಂಗಡಿಯಾದವು, ಅಂಗಡಿಗಳು ಹೋಟೆಲಾದವು, ಖಾಲಿ ಸೈಟು ಅನ್ನೋದು ಮಾಯವಾಯಿತು. ಚೆಂಡು ಒದೆಯೋ ಜಾಗಕ್ಕೂ ಗಂಟೆ ಲೆಕ್ಕದಲ್ಲಿ ಬಾಡಿಗೆ ಬಂತು.

ಆಟ ಮಾತ್ರ ಸತ್ತಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಹಿಂದೆ ಗೆದ್ದದ್ದು 1968-69ರಲ್ಲಿ, ಮೈಸೂರು ರಾಜ್ಯದ ಹೆಸರಿನಲ್ಲಿ! ಐವತ್ತನಾಲ್ಕು ವರ್ಷದ ಬರ ನೀಗಿತು. ಈ ಸುದ್ದಿ ಬಂದ ಮೇಲೆ ಕ್ಯಾಂಪಿಗೆ ಮಗುವನ್ನು ಸೇರಿಸೋ ಅಪ್ಪ-ಅಮ್ಮನಿಗೆ ಉತ್ಸಾಹ ಬಂದಿದ್ದರೆ ಆಶ್ಚರ್ಯ ಇಲ್ಲ. ಮಕ್ಕಳಿದ್ದಾರೆ, ಕಪ್ಪು ಇದೆ. ಕಲಿಸೋ ಹುಡುಗನಿಗೆ ಮಾತ್ರ ಹನ್ನೆರಡು ತಿಂಗಳ ಅನ್ನ ಇಲ್ಲ.

ಮನೆಯೊಳಗಿನ ಮಾತು

ಜೂನ್ ಮೊದಲ ವಾರ ಇಂಥ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಮಾತು ಹೆಚ್ಚುಕಮ್ಮಿ ಹೀಗೇ ನಡೆಯುತ್ತೆ:

"ನಿಮ್ಮ ಭಾವ ಫೋನ್ ಮಾಡಿದ್ರು ಕಣೋ. ಡೆಲಿವರಿಗೆ ಹುಡುಗರು ಬೇಕಂತೆ. ಗಾಡಿ ಇದ್ರೆ ನಾಳೇನೇ ಸೇರ್ಕೋಬಹುದಂತೆ."

"ಸಂಜೆ ಹೊತ್ತೇ ಅಮ್ಮಾ ಅದ್ರಲ್ಲಿ ಆರ್ಡರ್ ಜಾಸ್ತಿ. ಸಂಜೆ ಹೋದ್ರೆ ಮೈದಾನ ಹೋಯ್ತು."

"ಮೈದಾನ ಅನ್ನ ಹಾಕುತ್ತಾ?"

"ಎರಡು ತಿಂಗಳು ಹಾಕ್ತಲ್ಲಾ."

"ವರ್ಷಕ್ಕೆ ಹನ್ನೆರಡು ತಿಂಗಳು ಕಣಪ್ಪಾ."

ತಾಯಿಯ ಮಾತಿನಲ್ಲಿ ತಪ್ಪಿಲ್ಲ. ಹುಡುಗನ ಮಾತಿನಲ್ಲೂ ತಪ್ಪಿಲ್ಲ. ತಂಗಿಯ ಫೀಜು ಕಟ್ಟಬೇಕು, ಮನೆ ಬಾಡಿಗೆ ಕಟ್ಟಬೇಕು. ಬೈಕಿನ ಕಂತು ಇದ್ದರಂತೂ ಮುಗೀತು. ಡೆಲಿವರಿ ಕೆಲಸ ಕೀಳಲ್ಲ, ದುಡಿದು ತಿನ್ನೋದು ಯಾವುದೂ ಕೀಳಲ್ಲ. ಇಂಥ ಕೆಲಸಗಾರರ ಕಲ್ಯಾಣಕ್ಕೆ ಅಂತ 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನು ಮಾಡಿದ್ದೂ ಒಳ್ಳೇದೇ.

ತೊಡಕು ಬೇರೆ ಕಡೆ ಇದೆ. ಮಕ್ಕಳು ಶಾಲೆಯಿಂದ ಬಂದು ಮೈದಾನಕ್ಕೆ ಇಳಿಯೋದು ಸಂಜೆ ನಾಲ್ಕೂವರೆಯಿಂದ ಆರೂವರೆ. ಫೋನಿನಲ್ಲಿ ಆರ್ಡರು ಏರೋದೂ ಸಂಜೆಯಿಂದಲೇ. ಎರಡು ಗಂಟೆ ಹೊತ್ತಿಗಾಗಿ ಎರಡು ಬದುಕು ಕಿತ್ತಾಡುತ್ತವೆ. ಒಂದು ಜೂನ್ ಹೋಯಿತು ಅಂದರೆ ಮುಂದಿನ ಏಪ್ರಿಲ್ಲಿಗೆ ಅವನ ಕಾಲು ಬಿಗಿದಿರುತ್ತೆ, ಮಕ್ಕಳು ಮರೆತಿರುತ್ತಾರೆ, ಆ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ.

ಸರ್ಕಾರದ ಯುವನಿಧಿ ಇಲ್ಲವೇ ಅಂತ ಕೇಳೀರಿ. ಅದು 2023ರ ಡಿಸೆಂಬರಿನಲ್ಲಿ ಶುರುವಾಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500, ಅದೂ ಎರಡು ವರ್ಷದ ಮಟ್ಟಿಗೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಆ ಬಾಗಿಲು ತೆರೆಯೋದಿಲ್ಲ.

ಹಾಗಾದರೆ ಏನು ಮಾಡಬಹುದು?

ಬೈದು ಕೂತರೆ ಹೊಟ್ಟೆ ತುಂಬೋದಿಲ್ಲ. ಕೈಗೆ ಎಟುಕೋ ದಾರಿಗಳೂ ಇವೆ.

ಮೊದಲನೇದು, ಕಾಗದ. ಫೀಜಿನ ಬಾಕಿ ಲೆಕ್ಕ ಮುಗಿಸೋ ದಿನವೇ ಕ್ಯಾಂಪು ನಡೆಸಿದವರ ಹತ್ತಿರ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಬೇಕು: ಇಂಥ ದಿನದಿಂದ ಇಂಥ ದಿನದವರೆಗೆ, ಇಷ್ಟು ಮಕ್ಕಳಿಗೆ, ಇಂಥ ವಯಸ್ಸಿನವರಿಗೆ ಕಲಿಸಿದ್ದಾನೆ ಅಂತ. ಮುಂದೆ ಯಾವ ಶಾಲೆ, ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಗೇಟಿನಲ್ಲಿ ಅದೇ ಮಾತಾಡೋದು. ಮಕ್ಕಳ ಜೊತೆಗಿನ ಕೆಲಸ, ಅಪ್ಪ-ಅಮ್ಮನಿಗೆ ನಂಬಿಕೆ ಬೇಕು. ಕೇಳೋಕೆ ಸಂಕೋಚ ಬೇಡ, ಅದು ಭಿಕ್ಷೆ ಅಲ್ಲ.

ಎರಡನೇದು, ಲೈಸೆನ್ಸು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೋಚಿಂಗ್ ಲೈಸೆನ್ಸುಗಳಿವೆ. ಕೆಳಗಿನ ಮೆಟ್ಟಿಲುಗಳಲ್ಲಿ ಒಂದಾದ 'ಡಿ' ಲೈಸೆನ್ಸು ಕೆಲವೇ ದಿನಗಳ ಕೋರ್ಸು. ಮೈದಾನದ ಪಾಠವೇ ಹೆಚ್ಚು, ಕಲಿಸಿ ತೋರಿಸಬೇಕು. ಅಲ್ಲಿಂದ 'ಸಿ', 'ಬಿ', 'ಎ' ಅಂತ ಮೇಲೆ ಹೋಗಬಹುದು. ಫೀಜು ಕಟ್ಟಬೇಕು, ನಿಜ. ಆದರೆ ಕ್ಯಾಂಪಿನ ದುಡ್ಡು ಕೈಯಲ್ಲಿರುವಾಗಲೇ ಒಂದು ಪಾಲು ತೆಗೆದಿಟ್ಟರೆ ಆದೀತು. ಜುಲೈ ಬಂದರೆ ಆ ದುಡ್ಡು ಇರೋದಿಲ್ಲ.

ಮೂರನೇದು, ರೆಫರಿ. ಫುಟ್‌ಬಾಲಿಗೆ ನಿಯಮ ಇರೋದು ಹದಿನೇಳೇ. ಆಡಿದವನಿಗೆ ಅರ್ಧ ಗೊತ್ತೇ ಇರುತ್ತೆ, ಉಳಿದರ್ಧ ಕೂತು ಓದಬೇಕು. ಪರೀಕ್ಷೆ ಪಾಸಾದರೆ ಲೀಗು, ಶಾಲಾ ಟೂರ್ನಿಮೆಂಟುಗಳಲ್ಲಿ ವಿಷಲ್ಲು ಊದಬಹುದು, ಮ್ಯಾಚಿಗೆ ಇಷ್ಟು ಅಂತ ಸಿಗುತ್ತೆ. ಬೈಸಿಕೊಳ್ಳೋ ತಾಳ್ಮೆ ಬೇಕು. ನಲವತ್ತು ಮಕ್ಕಳನ್ನು ತಾಳಿಕೊಂಡವನಿಗೆ ಅದೇನು ಮಹಾ!

ನಾಲ್ಕನೇದು, ಬಿಟ್ಟ ಓದು. ಶಾಲೆಯ ಪಿ.ಟಿ. ಮೇಷ್ಟ್ರಾಗೋಕೆ ಬಿ.ಪಿ.ಇಡಿ. ಬೇಕು, ಅದಕ್ಕೆ ಮುಂಚೆ ಡಿಗ್ರಿ ಬೇಕು, ಡಿಗ್ರಿಗೆ ಮುಂಚೆ ಪಿ.ಯು.ಸಿ. ಬೇಕು. ಉಳಿದ ಸಬ್ಜೆಕ್ಟು ಕಟ್ಟಿ ಪಾಸು ಮಾಡಬಹುದು. ಕಾಲೇಜಿಗೆ ಹೋಗೋಕಾಗದಿದ್ದರೆ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದು. ದೂರದ ದಾರಿ, ಐದಾರು ವರ್ಷ ಹಿಡಿಯುತ್ತೆ. ಆದರೆ ಖಾಯಂ ಅನ್ನೋ ಮಾತು ಇನ್ನೂ ಉಳಿದಿರೋ ಕಡೆಗಳಲ್ಲಿ ಅದೂ ಒಂದು.

ಐದನೇದು, ಪೂರ್ತಿ ಬೇರೆ ಕಸುಬು. ಜೆರ್ಸಿಗೆ ಹೆಸರು, ನಂಬರು ಅಚ್ಚು ಹಾಕೋದು, ಹರಿದ ಚೆಂಡು, ಬೂಟು ಹೊಲಿಯೋದು, ಕ್ರೀಡಾ ಸಾಮಾನಿನ ಸಣ್ಣ ಅಂಗಡಿ. 2015ರಲ್ಲಿ ಬಂದ ಮುದ್ರಾ ಸಾಲದಲ್ಲಿ 'ಶಿಶು' ಅಂತ ಒಂದು ದರ್ಜೆ ಇದೆ, 50,000 ರೂಪಾಯಿವರೆಗೆ, ಅಡವು ಕೇಳೋ ಹಾಗಿಲ್ಲ. ಬ್ಯಾಂಕಿಗೆ ನಾಲ್ಕು ಸಲ ಅಲೆಯೋಕೆ ತಯಾರಿರಬೇಕು ಅಷ್ಟೆ. ಟೈಲರ್ ಅಪ್ಪನ ಮೆಷಿನ್ನು ಮನೆಯಲ್ಲೇ ಇದ್ದರೆ ಅರ್ಧ ಬಂಡವಾಳ ಕೈಯಲ್ಲಿದ್ದಂತೆ.

ಹುಡುಗಿಯರಿಗೆ ಒಂದು ಅನುಕೂಲ ಹೆಚ್ಚು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ. ಕೆ.ಆರ್. ಪುರದ ಹುಡುಗಿ ಹಲಸೂರಿಗೆ ಬಂದು ಸಂಜೆ ಬ್ಯಾಚು ತೆಗೆದುಕೊಂಡು ಹೋಗಬಹುದು, ಬಸ್ ಚಾರ್ಜು ಸಂಬಳ ತಿನ್ನೋದಿಲ್ಲ. ಹಳೇ ಮದರಾಸು ರಸ್ತೆಯ ಉದ್ದಕ್ಕೂ ಎದ್ದಿರೋ ಅಪಾರ್ಟ್‌ಮೆಂಟುಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸೋಕೆ ಹೆಣ್ಣು ಕೋಚೇ ಬೇಕು ಅಂತ ಕೇಳೋ ತಾಯಂದಿರಿದ್ದಾರೆ.

ಅಂಗಡಿಯವರಿಗೆ ಒಂದು ಮಾತು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಗಂಟು ಉಳಿಯುತ್ತೆ. ಲೈಸೆನ್ಸು ಬರೋವರೆಗೆ, ಪಿ.ಯು.ಸಿ. ಮುಗಿಯೋವರೆಗೆ ತಿನ್ನೋದೇನು? ಸಂಜೆಯ ಎರಡು ಗಂಟೆ ಬಿಟ್ಟುಕೊಟ್ಟು, ಉಳಿದ ಹೊತ್ತಿಗೆ ಕೂಲಿ ಕೊಡೋ ಕೆಲಸ ಎಲ್ಲಿದೆ?

ಅಂಗಡಿಗಳಲ್ಲಿ ಇದೆ. ಶಿವಾಜಿನಗರದಲ್ಲಿ ವ್ಯಾಪಾರ ಸಂಜೆಗೇ ಜೋರು, ಆ ಹೊತ್ತಿಗೆ ಹುಡುಗನನ್ನು ಬಿಡೋಕಾಗೋದಿಲ್ಲ ಅಂತ ಮಾಲೀಕರು ಹೇಳೋದು ಸರಿಯೇ. ಆದರೆ ಅಂಗಡಿಯ ಕೆಲಸವೆಲ್ಲ ಗಲ್ಲಾಪೆಟ್ಟಿಗೆ ಮುಂದೆಯೇ ಇಲ್ಲವಲ್ಲ! ರಸೆಲ್ ಮಾರ್ಕೆಟ್ಟಿನಲ್ಲಿ ಬೆಳಕು ಹರಿಯೋ ಮುಂಚೆ ಲೋಡು ಇಳಿಯುತ್ತೆ. ಬಟ್ಟೆ ಅಂಗಡಿಗೆ ಮಾಲು ಬರೋದು, ಬಿಚ್ಚಿ ಎಣಿಸೋದು, ಗೋಡೋನಿನ ಲೆಕ್ಕ, ಬ್ಯಾಂಕಿನ ಓಡಾಟ ಎಲ್ಲ ಹಗಲಿನ ಕೆಲಸ. ಎಂಟರಿಂದ ಮೂರೂವರೆಗೆ ಚುರುಕಾದ ಹುಡುಗ ಬೇಕಿರೋ ಅಂಗಡಿ ಒಂದಾದರೂ ಪ್ರತಿ ಬೀದಿಯಲ್ಲಿದೆ. ನಲವತ್ತು ಮಕ್ಕಳ ಹಾಜರಿ ತಪ್ಪದೆ ಹಿಡಿದವನು ನಲವತ್ತು ಬಂಡಲು ಎಣಿಸೋಕೆ ತಪ್ಪುತ್ತಾನಾ?

ಕಾರ್ಖಾನೆಗಳು ಒಂದು ಕಾಲಕ್ಕೆ ಮಾಡಿದ್ದು ಇದನ್ನೇ. ಹಗಲು ಕೆಲಸ ಕೊಟ್ಟರು, ಸಂಜೆ ಆಟಕ್ಕೆ ಬಿಟ್ಟರು. ಒಬ್ಬೊಬ್ಬ ಅಂಗಡಿಯವರು ಒಬ್ಬೊಬ್ಬ ಹುಡುಗನಿಗೆ ಅಷ್ಟು ಮಾಡಿದರೆ ಮುರಿದ ಏಣಿಗೆ ಒಂದು ಮೆಟ್ಟಿಲಾದರೂ ಕೂಡುತ್ತೆ. ಪೂರ್ತಿ ಏಣಿ ಆಗೋದಿಲ್ಲ. ಕಾರ್ಖಾನೆಯ ಪೆನ್ಷನ್ನು, ಕ್ವಾರ್ಟರ್ಸು ಅಂಗಡಿಯವರು ಕೊಡೋಕಾಗೋದಿಲ್ಲ. ಆದರೆ ಒಂದು ವರ್ಷ ದಾಟಿಸಬಹುದು. ಈ ಹುಡುಗನಿಗೆ ಬೇಕಾಗಿರೋದೂ ಆ ಒಂದು ವರ್ಷವೇ.

ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಏಪ್ರಿಲ್ಲಿನಲ್ಲಿ ಸಾವಿರಗಟ್ಟಲೆ ಫೀಜು ಕಟ್ಟೋವಾಗ ಶೂ ಯಾವ ಬಣ್ಣ ಅಂತ ಕೇಳೋ ಬದಲು, ಕಲಿಸೋರು ಯಾರು, ಜೂನಿನಲ್ಲೂ ಇರುತ್ತಾರಾ ಅಂತ ಕೇಳಿ. ಶನಿವಾರ-ಭಾನುವಾರಕ್ಕೆ ಹತ್ತು ಮನೆಯವರು ಸೇರಿ ಒಂದು ಬ್ಯಾಚು ಮುಂದುವರಿಸಿದರೆ ಮಗುವಿನ ಕಾಲೂ ಉಳಿಯುತ್ತೆ, ಮಾಸ್ಟ್ರೂ ಉಳಿಯುತ್ತಾರೆ.

ಜೂನ್ ಬಂದರೆ ಸಂಜೆ ಹೊತ್ತು ಮಳೆ. ಮೈದಾನ ಕೆಸರು. ಕ್ಯಾಂಪಿನ ನಲವತ್ತು ಮಕ್ಕಳಲ್ಲಿ ಐದಾರು ಬಂದರೆ ಹೆಚ್ಚು. ಆ ಐದಾರು ಮಕ್ಕಳಿಗಾಗಿ ಕೋನು ಜೋಡಿಸಿ ಕಾಯೋ ಹುಡುಗರು ಈಗಲೂ ಇದ್ದಾರೆ. ಆರೂವರೆಗೆ ಬ್ಯಾಚು ಬಿಟ್ಟು, ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಬರೋ ತುಂಬಿದ ಬಸ್ಸಿಗೆ ಹತ್ತುತ್ತಾರೆ. ಹೆಗಲ ಮೇಲೆ ಚೆಂಡಿನ ಬಲೆಚೀಲ, ಕಾಲಿಗೆ ಕೆಸರು. "ಅದನ್ನ ದಾರೀಲಿ ಇಡಬೇಡಪ್ಪಾ" ಅಂತ ಕಂಡಕ್ಟರ್ ಗದರುತ್ತಾರೆ.

ಅಂಥವನು ಕಂಡರೆ ಸ್ವಲ್ಪ ಸರಿದು ಜಾಗ ಕೊಡಿ. ಹಾಗೇ, ಹಗಲು ಹೊತ್ತು ಏನು ಮಾಡ್ತೀಯಪ್ಪಾ ಅಂತಲೂ ಕೇಳಿ.